ಕವೆಂಟ್ರಿಗೆ ಕಳಿಸಿದ್ದು

ಬೇರೆ ಊರಿನವರಿಗೆ ಅದೊಂದು ಮಾತಿನ ವರಸೆ.
ಯಾರನ್ನಾದರೂ ಕವೆಂಟ್ರಿಗೆ ಕಳಿಸುವುದೆಂದರೆ
ಗಾಡಿ ಬೇಡ, ಗಂಟುಮೂಟೆ ಬೇಡ,
ಅವನು ಇದ್ದಲ್ಲೇ ಇರುತ್ತಾನೆ;
ಸುತ್ತಲಿನವರ ಬಾಯಿ ಮಾತ್ರ ಅಗುಳಿ ಹಾಕಿಕೊಳ್ಳುತ್ತದೆ.

ನಾವೋ, ಕವೆಂಟ್ರಿಯಲ್ಲೇ ಹುಟ್ಟಿ ಬೆಳೆದವರು.
ನಮ್ಮವನೊಬ್ಬನನ್ನು ಎಲ್ಲಿಗೆ ಕಳಿಸಬೇಕು?

ನಾನು ಐವಿ ಜೆಫ್‌ಕಾಟ್. ಗೇರ್‌ಬಾಕ್ಸ್ ಶೆಡ್ಡಿನಲ್ಲಿ
ಚಹಾದ ಗಾಡಿ ತಳ್ಳುತ್ತಿದ್ದವಳು, ಐವತ್ತೆಂಟರಿಂದ.
ಹೊರೇಸ್ ಟ್ವಿಗರ್‌ಗೆ ಎರಡು ಚಮಚ ಸಕ್ಕರೆ, ಹನಿ ಹಾಲು.
ಅವನ ಕೈ ಚುರುಕು. ಅದೇ ಅಪರಾಧ.
ಗಂಟೆಗೆ ನಲವತ್ತು ಹಲ್ಲುಚಕ್ರ ಎಂದು
ಎಲ್ಲರೂ ಸೇರಿ ಒಳಗೊಳಗೇ ಒಪ್ಪಿದ್ದ ಲೆಕ್ಕಕ್ಕೆ
ಇವನು ಐವತ್ತೆರಡು ಕಡೆದಿಟ್ಟ,
ಗಡಿಯಾರ ಹಿಡಿದ ಸಾಹೇಬ ಬೆನ್ನಹಿಂದೆ ನಿಂತಿದ್ದಾಗಲೇ.
ಮರುವಾರ ಎಲ್ಲರ ಕೂಲಿ ಇಳಿಯಿತು.

ಯಾರೂ ಕೂಗಾಡಲಿಲ್ಲ. ಬುಧವಾರ ಊಟದ ಬಿಡುವಿನಲ್ಲಿ
ಕೈ ಎತ್ತಿದರು, ಅಷ್ಟೇ. ನನ್ನನ್ನು ಕೇಳಲಿಲ್ಲ.
ನನ್ನ ನಾಲಿಗೆಯನ್ನೂ ಸೇರಿಸಿಕೊಂಡೇ ಎಣಿಸಿದರು.

ಈ ಮಾತು ಹೇಗೆ ಹುಟ್ಟಿತೋ, ಬಲ್ಲವರಿಲ್ಲ.
ರಾಜನ ಕಡೆಯ ಸೋತ ಸಿಪಾಯಿಗಳನ್ನು ಇಲ್ಲಿ ಕೂಡಿಹಾಕಿದ್ದರಂತೆ,
ಎದುರಾದರೆ ಊರಿಗೆ ಊರೇ ಮುಖ ತಿರುಗಿಸುತ್ತಿತ್ತಂತೆ.
ಬರೀ ಅಂತೆಗಳ ಮೇಲೆ
ಎಷ್ಟು ದಿನ ನಿಲ್ಲುತ್ತದೆ ಒಂದು ಊರಿನ ಹೆಸರು!
ಹೆಸರಿಗೆ ಬೇರೆಯೇ ಅರ್ಥ ಎಂದಿದ್ದರು ಶಾಲೆಯಲ್ಲಿ ಮಿಸ್ ಪ್ಲಂಬ್:
ಕೋಫ ಎಂಬವನ ಮರ.
ಯಾವ ಕೋಫ, ಯಾವ ಮರ? ಅವರಿಗೂ ತಿಳಿಯದು.
ಮರವೆಂದ ಮೇಲೆ ನೆರಳು, ನೆರಳೆಂದ ಮೇಲೆ ನಾಲ್ಕು ಜನ,
ನಾಲ್ಕು ಜನವೆಂದ ಮೇಲೆ ಮಾತುಕತೆ
ಎಂದುಕೊಂಡಿದ್ದೆ ನಾನು, ಏಳು ವರ್ಷದವಳು.

ಅಜ್ಜಿಯ ಬಾಯಲ್ಲಿ ಇನ್ನೊಂದು ಮಾತಿತ್ತು:
ಕವೆಂಟ್ರಿಯ ನೀಲಿಯಷ್ಟು ನಿಜ.
ಎಷ್ಟು ಒಗೆದರೂ ಬಿಡದ ಬಣ್ಣವಂತೆ, ನಮ್ಮೂರ ಬಣ್ಣಗಾರರದು.
ಅದನ್ನೀಗ ಯಾರೂ ಆಡುವುದಿಲ್ಲ.
ಬಣ್ಣ ಹೋಯಿತು, ಮೌನ ಉಳಿಯಿತು.

ಆರು ವಾರ.
ಅವನ ಸ್ಪ್ಯಾನರ್ ಬಿದ್ದರೆ ಸದ್ದೇ ಆಗಲಿಲ್ಲ ಎಂಬಂತಿದ್ದರು.
ಅವನು ಲೇತಿನೊಂದಿಗೆ ಮಾತಾಡತೊಡಗಿದ,
ಮೊದಮೊದಲು ಮೆಲ್ಲಗೆ.
ನಾನು ತುಟಿ ಬಿಚ್ಚದೆ ಲೋಟ ಇಟ್ಟು ಮುಂದೆ ಹೋಗುತ್ತಿದ್ದೆ.
ಒಂದು ದಿನ ಮೂರು ಚಮಚ ಹಾಕಿದೆ.
ನನ್ನ ಮಟ್ಟಿಗೆ ಅದೊಂದು ಮಾತು.
ಅವನಿಗೆ ಬರೀ ಸಿಹಿ ಹೆಚ್ಚಾಗಿರಬೇಕು;
ಅರ್ಧ ಬಿಟ್ಟಿದ್ದ.

ಏಳನೆಯ ಸೋಮವಾರ ಗಡುವು ಮುಗಿಯಿತು.
"ಏನಪ್ಪಾ ಹೊರೇಸ್, ಬಲು ಚಳಿ ಅಲ್ವಾ?" ಎಂದರು ಬಾಗಿಲಲ್ಲೇ,
ನಡುವೆ ಭಾನುವಾರವೊಂದೇ ಕಳೆದಿತ್ತೆಂಬಂತೆ.
ಅವನು ಟೋಪಿ ತೆಗೆದು ಮೊಳೆಗೆ ತಗುಲಿಸಿದ,
ಲೇತಿನ ಕಡೆ ನಡೆದ.
ಕಳಿಸುವುದಕ್ಕೊಂದು ಮಾತಿದೆ.
ಕರೆಸಿಕೊಳ್ಳುವುದಕ್ಕೆ ಯಾರೂ ಏನನ್ನೂ ಕಟ್ಟಿಟ್ಟಿಲ್ಲ.
ಎಲ್ಲಿಂದ ಎಲ್ಲಿಗೆ ಕರೆಯುವುದು? ಇಲ್ಲಿಂದ ಇಲ್ಲಿಗೆ?

ಹನ್ನೊಂದು ವರ್ಷದ ಮೇಲೆ, ನನೀಟನ್‌ನಿಂದ ಬರುವ ಬಸ್ಸಿನಲ್ಲಿ
ಮುಂದಿನ ಸೀಟಿನಲ್ಲಿ ಅವನ ಕತ್ತು.
ನೆರೆತ ಕೂದಲು. ಪಕ್ಕದ ಸೀಟಿನ ಮೇಲೆ
ಒದ್ದೆ ಪೇಪರಿನಲ್ಲಿ ಸುತ್ತಿದ ಈರುಳ್ಳಿ ಸಸಿ.
ಕಂಡಕ್ಟರ್ ಹೊಸ ಹುಡುಗ. "ಎಲ್ಲಿಗೆ?"
"ಕವೆಂಟ್ರಿ."
"ಬರೀ ಹೋಗೋದಕ್ಕಾ, ಹೋಗಿಬರೋದಕ್ಕಾ?"

ಹೊರೇಸ್ ಯೋಚಿಸಿದ. ಬೆಡ್‌ವರ್ತ್ ದಾಟಿತು.
ಹುಡುಗ ಬೇಸತ್ತು ತಾನೇ ಒಂದು ಟಿಕೆಟ್ ಹರಿದುಕೊಟ್ಟ,
ಹೋಗುವುದಕ್ಕೆ.

"ಸಕ್ಕರೆ ಎರಡೇ, ನನಗೆ ಗೊತ್ತಿತ್ತು,"
ಎಂದೆ ನಾನು, ಆ ಕತ್ತಿಗೆ.
ಅವನು ತಿರುಗಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ ಸಸಿಯ ಕಟ್ಟು ಎತ್ತಿ
ಮಡಿಲಲ್ಲಿಟ್ಟುಕೊಂಡ. ಪಕ್ಕದ ಸೀಟು ಖಾಲಿಯಾಯಿತು,
ಅಲ್ಲಲ್ಲಿ ಮಣ್ಣು ಮೆತ್ತಿಕೊಂಡು.

ನಾನು ಚೀಲ ಹಿಡಿದು ಏಳುವಷ್ಟರಲ್ಲಿ
ಊರು ಬಂದುಬಿಟ್ಟಿತ್ತು.